ಬೆಂಗಳೂರಿನ ಇರುಳ ಸಂಭ್ರಮ

ಬೆಂಗಳೂರಿನ ಹಳೆಯ ಪೇಟೆ ಚೈತ್ರ ಹುಣ್ಣಿಮೆಯ ರಾತ್ರಿ ಮಲಗುವುದಿಲ್ಲ. ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಮಧ್ಯರಾತ್ರಿ ಕಳೆದ ಮೇಲೆ ಹೂವಿನ ಕರಗ ಹೊರಡುತ್ತದೆ. ಗಲ್ಲಿ ಗಲ್ಲಿ ಸುತ್ತಿ, ದಾರಿಯ ಗುಡಿಗಳಲ್ಲಿ, ಅಂಗಡಿ ಮುಂಗಟ್ಟುಗಳಲ್ಲಿ ಪೂಜೆ ಪಡೆದು ಬೆಳಗಾಗುವ ಹೊತ್ತಿಗೆ ಗುಡಿ ಸೇರುತ್ತದೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮನೆಗಳ ತಾರಸಿ, ಬಾಲ್ಕನಿ, ಅಂಗಡಿಯ ಜಗಲಿ, ಎಲ್ಲ ಕಡೆಯೂ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಬುಟ್ಟಿ ತುಂಬ ಬಿಡಿ ಮಲ್ಲಿಗೆ ಹಿಡಿದು ನಿಂತ ಅಜ್ಜಿಯರು. ಇದನ್ನು ನೋಡಲು ಟಿಕೆಟ್ ಇಲ್ಲ, ಆಹ್ವಾನ ಪತ್ರಿಕೆಯೂ ಬೇಕಿಲ್ಲ. ಬೆಂಗಳೂರಿನ ರಾತ್ರಿ ಬದುಕಿನ ಬಗ್ಗೆ ಮಾತಾಡುವವರು ಕರಗವನ್ನು ಧಾರ್ಮಿಕ ಆಚರಣೆಯ ಖಾನೆಗೆ ಹಾಕಿ, ಪಬ್ಬುಗಳಿಂದ ಮಾತು ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಈ ಊರಿನ ರಾತ್ರಿಯ ಅರ್ಧಕ್ಕಿಂತ ಹೆಚ್ಚು ಭಾಗ ಲೆಕ್ಕಕ್ಕೇ ಸಿಗುವುದಿಲ್ಲ.

ಕರಗ ತಿಗಳ ಸಮುದಾಯದ ಉತ್ಸವ. ತೋಟಗಾರಿಕೆ ಇವರ ಕುಲಕಸುಬು. ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಒದಗಿಸುತ್ತಿದ್ದವರು, ಹಾಗಾಗಿ ಕೆರೆಗಳ ಜೊತೆ ಬದುಕು ಹೆಣೆದುಕೊಂಡವರು. ದ್ರೌಪದಿಯನ್ನು ಅವರು ಆದಿಶಕ್ತಿಯೆಂದು ಪೂಜಿಸುತ್ತಾರೆ. ತಿಮಿರಾಸುರನನ್ನು ಸಂಹರಿಸಲು ಆಕೆ ವೀರಕುಮಾರರನ್ನು ಸೃಷ್ಟಿಸಿದಳು, ಯುದ್ಧ ಮುಗಿದು ಹೊರಟು ನಿಂತಾಗ ಅವರು ಬಿಡದೆ ಬೇಡಿಕೊಂಡರು, ವರ್ಷಕ್ಕೊಮ್ಮೆ ಬರುತ್ತೇನೆಂದು ಆಕೆ ಮಾತು ಕೊಟ್ಟಳು ಎಂಬುದು ಕಥೆ. ಆ ಮಾತಿನಂತೆ ತಾಯಿ ಬರುವ ರಾತ್ರಿ ಇದು. ಕರಗ ಹೊರುವ ಅರ್ಚಕರು ಸೀರೆ ಉಟ್ಟು, ಬಳೆ ತೊಟ್ಟು, ತಾಳಿ ಧರಿಸುತ್ತಾರೆ. ಉತ್ಸವ ಮುಗಿಯುವವರೆಗೆ ಅವರ ಪತ್ನಿ ಅವರ ಕಣ್ಣಿಗೆ ಬೀಳದಂತೆ ಬೇರೆಡೆ ಇರುತ್ತಾರೆ. ಮಲ್ಲಿಗೆಯಿಂದ ಗೋಪುರದಂತೆ ಅಲಂಕರಿಸಿದ ಕರಗವನ್ನು ತಲೆಯ ಮೇಲೆ ಹೊತ್ತ ಮೇಲೆ ಕೈಯಿಂದ ಮುಟ್ಟುವಂತಿಲ್ಲ. ಅದು ಆಯ ತಪ್ಪದಂತೆ ಅವರು ಹೆಜ್ಜೆ ಹಾಕುತ್ತಾರೆ, ಕೆಲವೊಮ್ಮೆ ಓಡುತ್ತಾರೆ, ಕುಣಿಯುತ್ತಾರೆ. ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು ‘ಗೋವಿಂದ, ಗೋವಿಂದ’ ಎನ್ನುತ್ತ ಕಾವಲಾಗಿ ಸಾಗುತ್ತಾರೆ. ಮೇಲಿನಿಂದ ಮಲ್ಲಿಗೆ ಸುರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಆ ಬೀದಿಗಳಲ್ಲಿ ನಡೆದರೆ ಕಾಲಿಗೆ ಹೂವಲ್ಲದೆ ನೆಲ ತಾಕುವುದಿಲ್ಲ.

ಮೆರವಣಿಗೆಯ ಹಾದಿಯಲ್ಲಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾ ಇದೆ. ಕರಗ ಅಲ್ಲಿಗೆ ಹೋಗಿ ಗೌರವ ಸಲ್ಲಿಸುವುದು ತಲೆತಲಾಂತರದಿಂದ ಬಂದ ಪದ್ಧತಿ. ಅದನ್ನು ನಿಲ್ಲಿಸಬೇಕೆಂಬ ಕೂಗು ಆಗೊಮ್ಮೆ ಈಗೊಮ್ಮೆ ಎದ್ದಾಗಲೂ ದೇವಸ್ಥಾನದವರು ಪದ್ಧತಿಯನ್ನೇ ಎತ್ತಿ ಹಿಡಿದಿದ್ದಾರೆ. ಇನ್ನೊಂದು ಸಂಗತಿಯೂ ಗಮನಿಸುವಂಥದು. ಕರಗದ ವಿಧಿಗಳಿಗೆ ಸಂಪಂಗಿ ಕೆರೆಯ ನಂಟಿದೆ. ಆ ಕೆರೆ ಬತ್ತಿ, ಮುಚ್ಚಿ, ಅಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಉಳಿದಿರುವುದು ಮೂಲೆಯ ಒಂದು ಸಣ್ಣ ಕೊಳ ಮಾತ್ರ. ಉತ್ಸವದ ದಿನಗಳಲ್ಲಿ ಜನ ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ನಗರ ಮರೆತ ಕೆರೆಯನ್ನು ಕರಗ ವರ್ಷಕ್ಕೊಮ್ಮೆ ನೆನಪಿಸುತ್ತದೆ.

ಬೀದಿಯ ಸಂಭ್ರಮ ಕರಗಕ್ಕೆ ಮುಗಿಯುವುದಿಲ್ಲ. ಹಲಸೂರಿನಲ್ಲಿ ಹೂವಿನ ಪಲ್ಲಕ್ಕಿಗಳು ರಾತ್ರಿಯಿಡೀ ಬೀದಿ ಸುತ್ತುತ್ತವೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಹೊಲದ ಬೆಳೆ ಮೇಯುತ್ತಿದ್ದ ಬಸವನಿಗೆ ಮೊದಲ ಬೆಳೆ ಒಪ್ಪಿಸುವ ಸುಂಕೇನಹಳ್ಳಿ ಸುತ್ತಿನ ರೈತರ ಹರಕೆಯೇ ಇದರ ಮೂಲವೆಂದು ಹೇಳುತ್ತಾರೆ. ಆ ಹೊಲಗಳು ಬಡಾವಣೆಗಳಾಗಿ ಎಷ್ಟೋ ಕಾಲವಾಯಿತು. ಕಡಲೆಕಾಯಿ ಈಗ ದೂರದ ಜಿಲ್ಲೆಗಳಿಂದ, ಪಕ್ಕದ ರಾಜ್ಯಗಳಿಂದ ಲಾರಿಯಲ್ಲಿ ಬರುತ್ತದೆ. ಪರಿಷೆಯ ಜನ ಮಾತ್ರ ಕಡಿಮೆಯಾಗಿಲ್ಲ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಹಸಿ, ಹುರಿದ, ಬೇಯಿಸಿದ ಕಾಯಿಯ ರಾಶಿ, ಬತ್ತಾಸು, ಕಲ್ಯಾಣಸೇವೆ, ಬಲೂನು, ತಿರುಗುವ ತೊಟ್ಟಿಲು. ಸಂಜೆ ಆಫೀಸು ಮುಗಿಸಿ ಬಂದವರಿಂದ ಗುಂಪು ಕಟ್ಟಿ, ರಾತ್ರಿ ಬಹಳ ಹೊತ್ತಿನವರೆಗೂ ಕರಗುವುದಿಲ್ಲ.

ಬಡಾವಣೆಗಳಲ್ಲಿ ಈ ಸಂಭ್ರಮದ ಇನ್ನೊಂದು ರೂಪ ಕಾಣುತ್ತದೆ. ಮೆಜೆಸ್ಟಿಕ್ ಬಳಿಯ ಗುಡಿಯಿಂದ ಅಣ್ಣಮ್ಮ ದೇವಿಯ ಉತ್ಸವಮೂರ್ತಿಯನ್ನು ತಂದು ಬೀದಿಯಲ್ಲಿ ಪೆಂಡಾಲ್ ಹಾಕಿ ಕೂರಿಸುತ್ತಾರೆ. ಸೀರಿಯಲ್ ಸೆಟ್ಟಿನ ದೀಪ, ಅನ್ನಸಂತರ್ಪಣೆ, ಕೊನೆಯ ರಾತ್ರಿ ಆರ್ಕೆಸ್ಟ್ರಾ. ಗಣೇಶನ ಹಬ್ಬ, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವಗಳಲ್ಲೂ ಇದೇ ಕ್ರಮ. ರಾಜ್‌ಕುಮಾರ್ ಹಾಡು ಬಂದಾಗ ಇಡೀ ಬೀದಿ ದನಿಗೂಡಿಸುತ್ತದೆ. ಕಲಾವಿಮರ್ಶೆ ಈ ಆರ್ಕೆಸ್ಟ್ರಾಗಳನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ. ಆದರೆ ಮಧ್ಯಮ ಮತ್ತು ಕೆಳ ಮಧ್ಯಮ ವರ್ಗದ ಬೆಂಗಳೂರಿಗೆ ಸಂಗೀತದ ರಾತ್ರಿಯೆಂದರೆ ಬಹುಕಾಲ ಇದೇ ಆಗಿತ್ತು. ಎಷ್ಟೋ ಗಾಯಕರಿಗೆ, ತಬಲಾ ಮತ್ತು ಕೀಬೋರ್ಡ್ ವಾದಕರಿಗೆ ಅನ್ನ ಕೊಟ್ಟಿದ್ದೂ ಇದೇ.

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿಕೊಂಡಿತು. ಶಿವನಸಮುದ್ರದ ಜಲವಿದ್ಯುತ್ ಮೂರು ವರ್ಷ ಮೊದಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಈಗ ಅದು ಊರಿನೊಳಗೆ ಬಂತು. ಅದುವರೆಗೆ ರಾತ್ರಿಯ ಉತ್ಸವಗಳು ಪಂಜು, ದೀವಟಿಗೆ, ಹುಣ್ಣಿಮೆಯನ್ನು ನೆಚ್ಚಿಕೊಂಡಿದ್ದವು. ದೀಪ ಬಂದ ಮೇಲೆ ಮಾರುಕಟ್ಟೆ, ನಾಟಕದ ಥಿಯೇಟರು, ಮುಂದೆ ಚಿತ್ರಮಂದಿರ, ಎಲ್ಲದರ ಹೊತ್ತೂ ಹಿಗ್ಗಿತು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಬೆಂಗಳೂರಿನಲ್ಲಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳು ಬಂದವು. ಕೆಂಪೇಗೌಡ ರಸ್ತೆಯ ಸುತ್ತ ಸಾಲುಸಾಲು ಚಿತ್ರಮಂದಿರಗಳು ಎದ್ದವು. ಸಾಗರ್, ನರ್ತಕಿ, ಸಂತೋಷ್, ಕಪಾಲಿ, ತ್ರಿಭುವನ್, ಮೇನಕ. ಸೆಕೆಂಡ್ ಶೋ ಬಿಟ್ಟ ಮೇಲೆ ಗಾಂಧಿನಗರದ ಹೋಟೆಲುಗಳಲ್ಲಿ ಕಾಫಿ ಕುಡಿದು ನಡೆದೇ ಮನೆಗೆ ಹೋಗುತ್ತಿದ್ದ ತಲೆಮಾರು ಇನ್ನೂ ಇದೆ. ಆ ಚಿತ್ರಮಂದಿರಗಳಲ್ಲಿ ಕಪಾಲಿ, ಸಾಗರ್ ಈಗ ಇಲ್ಲ.

ಊರಿನ ಇನ್ನೊಂದು ಪಾಲು ದಂಡು. 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡುಪ್ರದೇಶಕ್ಕೆ ಬೇರೆಯೇ ರಾತ್ರಿಯಿತ್ತು. ಕ್ಲಬ್ಬುಗಳು, ಬಾಲ್ ನೃತ್ಯ, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಮಿಲಿಟರಿ ವಾದ್ಯ. 1868ರಲ್ಲಿ ಸೇನಾಧಿಕಾರಿಗಳಿಗಾಗಿ ಶುರುವಾದ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ವಿನ್‌ಸ್ಟನ್ ಚರ್ಚಿಲ್ ಬಾಕಿ ಉಳಿಸಿದ 13 ರೂಪಾಯಿ ಇನ್ನೂ ಹಾಗೆಯೇ ಇದೆ. ದಂಡಿನದು ಬಾಗಿಲು ಹಾಕಿಕೊಂಡ ಸಂಭ್ರಮ. ಪೇಟೆಯದು ಬೀದಿಗೆ ಬಂದ ಸಂಭ್ರಮ. ಈ ಎರಡು ಬಗೆ ಇಂದಿಗೂ ಬೇರೆಬೇರೆಯಾಗಿಯೇ ಉಳಿದಿವೆ.

ಇವೆರಡರ ನಡುವೆ ಒಂದು ಮೂರನೆಯ ರಾತ್ರಿಯನ್ನು ಕಟ್ಟಿದವರು ಸಂಗೀತ ಮತ್ತು ರಂಗಭೂಮಿಯ ಜನ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯನ್ನು 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಆರಂಭಿಸಿದರು. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ರಾಮನವಮಿಯ ದಿನಗಳಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ದೇಶದ ಹಿರಿಯ ವಿದ್ವಾಂಸರು ಬಂದು ಕಛೇರಿ ಮಾಡಿದ್ದಾರೆ. ಟಿಕೆಟ್ ಕೊಂಡವರು ಒಳಗೆ ಕೂರುತ್ತಾರೆ. ಕೊಳ್ಳಲಾಗದವರು ಹೊರಗೆ ನಿಂತು ಕೇಳುತ್ತಾರೆ, ಯಾರೂ ಅಟ್ಟುವುದಿಲ್ಲ. ಪಾನಕ, ಕೋಸಂಬರಿ, ನೀರುಮಜ್ಜಿಗೆಗೂ ಕಛೇರಿಗೂ ಅಷ್ಟೇ ನಂಟು. ಇದನ್ನು ನೋಡಿ ಬೇರೆ ಬಡಾವಣೆಗಳಲ್ಲೂ ರಾಮೋತ್ಸವಗಳು ಹುಟ್ಟಿಕೊಂಡವು. 1962ರಿಂದ ನಡೆಯುತ್ತ ಬಂದ ಶ್ರೀ ವಿದ್ಯಾರಣ್ಯ ಯುವಕ ಸಂಘದ ಗಣೇಶೋತ್ಸವ ಬಸವನಗುಡಿಯ ಮೈದಾನಗಳಲ್ಲಿ ಸಿನಿಮಾ ಹಾಡುಗಾರರನ್ನೂ ಶಾಸ್ತ್ರೀಯ ವಿದ್ವಾಂಸರನ್ನೂ ಒಂದೇ ವೇದಿಕೆಗೆ ತಂದಿತು.

ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. 1972ರಲ್ಲಿ ಅದರ ಹಿಂಭಾಗದ ಬಯಲಿನಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದರು. ಸಭಾಂಗಣದೊಳಗೆ ಕೂತು ನಾಟಕ ನೋಡಿ ರೂಢಿಯಾಗಿದ್ದ ಊರಿಗೆ ಬಯಲಾಟದ ಹುಮ್ಮಸ್ಸು ಹತ್ತಿತು, ಕನ್ನಡ ಹವ್ಯಾಸಿ ರಂಗಭೂಮಿಯ ದಾರಿ ಬದಲಾಯಿತು. 2004ರಲ್ಲಿ ಜೆ.ಪಿ. ನಗರದಲ್ಲಿ ಶಂಕರ್ ನಾಗ್ ನೆನಪಿಗೆ ರಂಗಶಂಕರ ತೆರೆದಾಗ ಅರುಂಧತಿ ನಾಗ್ ಒಂದು ಕಟ್ಟುನಿಟ್ಟಿನ ನಿಯಮ ತಂದರು. ಏಳೂವರೆಗೆ ನಾಟಕ ಎಂದರೆ ಏಳೂವರೆಗೇ. ತಡವಾಗಿ ಬಂದವರು ಯಾರೇ ಆಗಿರಲಿ, ಬಾಗಿಲು ತೆರೆಯುವುದಿಲ್ಲ. ಮೊದಮೊದಲು ಇದಕ್ಕೆ ಗೊಣಗಾಡಿದವರೂ ಇದ್ದರು. ಆದರೆ ನಾಟಕವನ್ನು ವಾರದ ಉಳಿದ ಕೆಲಸಗಳಷ್ಟೇ ನಿಶ್ಚಿತವಾದ ಒಂದು ಸಂಜೆಯ ಅಭ್ಯಾಸವಾಗಿ ಬೆಳೆಸಿದ್ದು ಇದೇ ನಿಯಮ.

ಕಲಾಕ್ಷೇತ್ರದಲ್ಲೇ ಇನ್ನೊಂದು ಲೋಕವಿದೆ, ಇಂಗ್ಲಿಷ್ ಪತ್ರಿಕೆಗಳು ಅದರ ಸುದ್ದಿ ಬರೆಯುವುದು ಕಡಿಮೆ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ರಾತ್ರಿ ಊಟದ ಹೊತ್ತಿಗೆ ಶುರುವಾದ ಆಟ ಬೆಳಗಿನ ಜಾವದವರೆಗೆ ನಡೆಯುತ್ತದೆ. ಪ್ರೇಕ್ಷಕರಲ್ಲಿ ಬಹುಪಾಲು ಜನ ಕುಂದಾಪುರ, ಉಡುಪಿ ಕಡೆಯವರು. ಹೋಟೆಲ್ ಮಾಲೀಕರೂ ಅದೇ ಹೋಟೆಲಿನಲ್ಲಿ ದುಡಿಯುವ ಹುಡುಗರೂ ಒಟ್ಟಿಗೆ ಕೂತಿರುತ್ತಾರೆ. ತುಮಕೂರು, ಮಂಡ್ಯ, ಬೆಂಗಳೂರು ಗ್ರಾಮಾಂತರದವರದು ಪೌರಾಣಿಕ ನಾಟಕ. ಅಲ್ಲಿ ನಟರಿಗೆ ಸಂಭಾವನೆ ಸಿಗುವುದಿಲ್ಲ. ನಟರೇ ಹಣ ಕೊಟ್ಟು ಪಾತ್ರ ಪಡೆಯುತ್ತಾರೆ. ‘ಕುರುಕ್ಷೇತ್ರ’ದ ದುರ್ಯೋಧನ, ಕೃಷ್ಣನ ಪಾತ್ರಗಳಿಗೆ ದುಬಾರಿ ಬೆಲೆ. ಹಗಲಲ್ಲಿ ರೇಷ್ಮೆ ಸಾಕುವವರು, ಬಸ್ಸು ಓಡಿಸುವವರು, ಪಂಚಾಯಿತಿ ಸದಸ್ಯರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತು, ಒಂದು ದಿನ ಕಿರೀಟ ಹೊತ್ತು ವೇದಿಕೆ ಏರುತ್ತಾರೆ. ಮುಂದಿನ ಸಾಲಿನಲ್ಲಿ ಬೀಗರು, ನೆಂಟರು ಹಾರ ಹಿಡಿದು ಕಾಯುತ್ತಿರುತ್ತಾರೆ. ಪದ್ಯ ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಬೀಳುತ್ತದೆ, ಯುದ್ಧ ನಿಲ್ಲುತ್ತದೆ, ಹಾಡು ಮತ್ತೆ ಮೊದಲಿನಿಂದ. ಕಲೆಗಾಗಿ ಕೈಯಿಂದ ಹಣ ಹಾಕಿ ದುಡಿಯುವ ಇಂಥ ಜನರಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಪಬ್ಬುಗಳ ಕಾಲ ಬಂದಿದ್ದು 1980ರ ದಶಕದಲ್ಲಿ. ಬಿಯರ್ ತಯಾರಿಸುವ ದೊಡ್ಡ ಕಂಪನಿಯ ತವರು ಇದೇ ಊರು, ಹವೆ ತಂಪು, ದಂಡುಪ್ರದೇಶದ ರೂಢಿ ಮೊದಲೇ ಇತ್ತು, ಕಾಲೇಜು ಓದಲು ದೇಶದ ಎಲ್ಲೆಡೆಯಿಂದ ಯುವಜನ ಬರುತ್ತಿದ್ದರು. ಅದುವರೆಗೆ ಬಾರ್ ಎಂದರೆ ಪರದೆ ಎಳೆದ, ಮಂದ ಬೆಳಕಿನ, ಗಂಡಸರು ಮಾತ್ರ ಹೋಗುವ ಜಾಗ. ಪಬ್ಬುಗಳಲ್ಲಿ ಡ್ರಾಫ್ಟ್ ಬಿಯರ್ ಮಗ್ಗುಗಳಲ್ಲಿ ಬಂತು, ಹೆಣ್ಣುಮಕ್ಕಳೂ ಗೆಳೆಯ ಗೆಳತಿಯರೊಡನೆ ಕೂರತೊಡಗಿದರು, ಗೋಡೆಯ ಸ್ಪೀಕರಿನಲ್ಲಿ ರಾಕ್ ಸಂಗೀತ ಮೊಳಗಿತು. 1989ರಲ್ಲಿ ಶುರುವಾದ ಪೆಕೋಸ್ ಪಬ್ ಇಂದಿಗೂ ನಡೆಯುತ್ತಿದೆ. ತೊಂಬತ್ತರ ದಶಕದಲ್ಲಿ ಐಟಿ ಸಂಬಳ ಬಂದ ಮೇಲೆ ಈ ಲೋಕ ಎಂ.ಜಿ. ರಸ್ತೆ ಬಿಟ್ಟು ಇಂದಿರಾನಗರ, ಕೋರಮಂಗಲಕ್ಕೆ ಹಬ್ಬಿತು. 2010ರ ನಂತರ ತಮ್ಮಲ್ಲೇ ಬಿಯರ್ ತಯಾರಿಸುವ ಮೈಕ್ರೊಬ್ರೂವರಿಗಳು ಬಂದವು. ಇದೇ ರಾಕ್ ಹುಚ್ಚು ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕರೆತಂದಿತು.

ಸರ್ಕಾರ ರಾತ್ರಿಯನ್ನು ಕಂಡದ್ದು ಬಹುಮಟ್ಟಿಗೆ ಪಬ್ಬಿನ ಬಾಗಿಲಿನಿಂದಲೇ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡುವ ಆದೇಶ 2005ರಲ್ಲಿ ಬಂತು. ಮುಂದೆ ಹಲವು ವರ್ಷ ರಾತ್ರಿ ಹನ್ನೊಂದೂವರೆಗೆ ಎಲ್ಲ ಬಂದ್. ಪರವಾನಗಿಯಿಲ್ಲದ ಕಡೆ ಕುಣಿದರೆ ಪೊಲೀಸರು ಸಂಗೀತ ನಿಲ್ಲಿಸುತ್ತಿದ್ದರು. 2014ರಲ್ಲಿ ವಾರಾಂತ್ಯಕ್ಕೆ ಪ್ರಯೋಗವಾಗಿ ಒಂದು ಗಂಟೆಯವರೆಗೆ ಅವಕಾಶ ಸಿಕ್ಕಿತು, 2016ರಲ್ಲಿ ಅದು ವಾರವಿಡೀ ಜಾರಿಯಾಯಿತು. 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಚರ್ಚೆಯೆಲ್ಲ ಎಷ್ಟು ಗಂಟೆಗೆ ಮುಚ್ಚಬೇಕು ಎಂಬುದರ ಸುತ್ತಲೇ ಸುತ್ತಿತು. ಜನ ಹೇಗೆ ಬರಬೇಕು, ಹೇಗೆ ಹೋಗಬೇಕು, ಪಕ್ಕದ ಮನೆಯವರು ಹೇಗೆ ಮಲಗಬೇಕು ಎಂಬುದು ಹಿಂದೆ ಬಿತ್ತು.

ಪಕ್ಕದ ಮನೆಯವರ ದೂರಿನಲ್ಲಿ ಹುರುಳಿದೆ. ಇಂದಿರಾನಗರದ ನಿವಾಸಿಗಳು ತಾರಸಿ ಪಬ್ಬುಗಳ ಸದ್ದಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಸದ್ದು 45 ಡೆಸಿಬಲ್ ಮೀರಬಾರದು. ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ ಇಲ್ಲವೇ ಧಾರ್ಮಿಕ ಸಂದರ್ಭಕ್ಕೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಈ ನಿಯಮ ಪಬ್ಬಿಗೆಷ್ಟೋ ಬೀದಿಯ ಆರ್ಕೆಸ್ಟ್ರಾಕ್ಕೂ ಅಷ್ಟೇ. ಎರಡು ಕಡೆಯೂ ಅದು ಮುರಿಯುತ್ತದೆ.

ಚಿತ್ರಕಲೆಯ ಸಂಭ್ರಮಕ್ಕೆ ಈ ಊರಿನಲ್ಲಿ ಎರಡು ಮುಖ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆ ಹಗಲಿನದು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ, ಎರಡೂ ಬದಿ ಸಾವಿರಕ್ಕೂ ಹೆಚ್ಚು ಕಲಾವಿದರು ತಮ್ಮ ಚಿತ್ರ ಹರಡುತ್ತಾರೆ. ನೂರಿನ್ನೂರು ರೂಪಾಯಿಯ ರೇಖಾಚಿತ್ರವೂ ಉಂಟು, ಲಕ್ಷ ಬೆಲೆಯ ಕ್ಯಾನ್ವಾಸೂ ಉಂಟು. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಅಳುಕುವವರು ಇಲ್ಲಿ ಧೈರ್ಯವಾಗಿ ಚೌಕಾಸಿ ಮಾಡುತ್ತಾರೆ. ಇನ್ನೊಂದು ಸಂಜೆಯದು. ಗ್ಯಾಲರಿಗಳ ಉದ್ಘಾಟನೆ, ಕಲಾವಿದರ ಮನೆಯಂಗಳದ ಕೂಟ, ಊಟ, ಹಾಡು, ವಾದ. ಶಾಂತಿನಗರದಲ್ಲಿ ಸುರೇಶ್ ಜಯರಾಂ ನಡೆಸುವ 1 ಶಾಂತಿರೋಡ್ ಇಂಥ ಕೂಟಗಳಿಗೆ ಹೆಸರಾದ ಜಾಗ. ಮನೆಯೇ ಸ್ಟುಡಿಯೊ, ಸ್ಟುಡಿಯೊವೇ ಗ್ಯಾಲರಿ. 2009ರಲ್ಲಿ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ವಸ್ತುಸಂಗ್ರಹಾಲಯ ತೆರೆದ ಮೇಲೆ ಸಂಜೆಯ ಉಪನ್ಯಾಸ, ಪ್ರದರ್ಶನಗಳು ಹೆಚ್ಚಿವೆ. ಅದೇ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಸರ್ಕಾರದ ಯೋಜನೆಯ ವಿರುದ್ಧ 2016ರ ಹೊತ್ತಿಗೆ ಕಲಾವಿದರು ಬೀದಿಗಿಳಿದರು. ಗ್ಯಾಲರಿಯ ಮುಂದೆ ಚಿತ್ರ ಬರೆದರು, ಹಾಡಿದರು, ಪ್ರದರ್ಶನ ಕಲೆ ಮಾಡಿದರು. ಸಾರ್ವಜನಿಕ ಜಾಗವನ್ನು ಉಳಿಸಿಕೊಳ್ಳುವ ಹೋರಾಟವನ್ನೇ ಹಬ್ಬದ ರೀತಿಯಲ್ಲಿ ಮಾಡಿದ್ದು ಬೆಂಗಳೂರಿನ ಕಲಾವಿದರ ದೊಡ್ಡ ಕೆಲಸ.

ಹಬ್ಬದ ರಾತ್ರಿಗಳು ಗುಡಿಗಳ ಸುತ್ತ ಮಾತ್ರ ಇಲ್ಲ. ರಂಜಾನ್ ತಿಂಗಳಲ್ಲಿ ಶಿವಾಜಿನಗರ, ಫ್ರೇಜರ್ ಟೌನ್ ರಾತ್ರಿಯಿಡೀ ಎಚ್ಚರ. ಹಲೀಮ್, ಸಮೋಸ, ಕಬಾಬ್ ತಿನ್ನಲು ಎಲ್ಲ ಧರ್ಮದವರೂ ಬರುತ್ತಾರೆ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಿಂದ ಮಾತೆಯ ತೇರು ಹೊರಡುತ್ತದೆ. ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹಬ್ಬದ ನೆಪವೂ ಬೇಕಿಲ್ಲ.

ಈ ಸಂಭ್ರಮಗಳಲ್ಲಿ ಕೆಲವು ದುರಂತವಾದದ್ದೂ ಇದೆ. 2016ರ ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಯ ಜನಸಂದಣಿಯಲ್ಲಿ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಅವರ ಉಡುಪನ್ನು, ಹೊತ್ತು ಮೀರಿ ಹೊರಗಿದ್ದದ್ದನ್ನು ದೂರಿದವರು ಆಗ ಕಡಿಮೆ ಇರಲಿಲ್ಲ. ಅಂಥ ಮಾತುಗಳಿಗೆ ಯಾವ ಸಮರ್ಥನೆಯೂ ಇಲ್ಲ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಾಚರಣೆಗೆ ಚಿನ್ನಸ್ವಾಮಿ ಕ್ರೀಡಾಂಗಣದ ಮುಂದೆ ಸೇರಿದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಕಿಷ್ಕಿಂಧೆಯಂಥ ಪೇಟೆಯ ಗಲ್ಲಿಗಳಲ್ಲಿ ಕರಗಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಅಲ್ಲಿ ಹೊತ್ತು ಗೊತ್ತು, ಹಾದಿ ಗೊತ್ತು, ಮುಂದೆ ನಡೆಯುವ ವೀರಕುಮಾರರಿಗೆ ದಾರಿ ಬಿಡಬೇಕೆಂಬುದು ಜನಕ್ಕೂ ಗೊತ್ತು. ಕೆಲವೇ ಗಂಟೆ ಮೊದಲು ಘೋಷಣೆಯಾದ ಆರ್‌ಸಿಬಿ ಮೆರವಣಿಗೆಗೆ ಅಂಥ ತಯಾರಿ ಇರಲು ಸಾಧ್ಯವಿರಲಿಲ್ಲ. ಜನ ಸೇರುವ ಮೊದಲೇ ಅವರನ್ನು ಹೇಗೆ ಕಳಿಸಬೇಕೆಂದು ಯೋಚಿಸುವುದು ಸಂಘಟಕರ ಹೊಣೆ.

ಹಾಗೆ ಮನೆಗೆ ಕಳಿಸುವ ವ್ಯವಸ್ಥೆಯದೇ ಈ ಊರಿನ ರಾತ್ರಿಯ ದೊಡ್ಡ ಕೊರತೆ. ಸಾಮಾನ್ಯ ದಿನಗಳಲ್ಲಿ ಮೆಟ್ರೊದ ಕೊನೆಯ ರೈಲು ಹನ್ನೊಂದರ ಆಸುಪಾಸಿಗೆ ಹೊರಡುತ್ತದೆ, ಬಹುತೇಕ ಮಾರ್ಗಗಳಲ್ಲಿ ಬಸ್ಸು ಅದಕ್ಕೂ ಮುಂಚೆಯೇ ನಿಲ್ಲುತ್ತದೆ. ಆಟೊಗೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು ದರ, ಅದನ್ನೂ ಮೀರಿ ಕೇಳುವವರೇ ಹೆಚ್ಚು. ಹೀಗಾಗಿ ಯಲಹಂಕದವರು ರಂಗಶಂಕರದ ನಾಟಕಕ್ಕೆ, ಪೀಣ್ಯದ ಕಾರ್ಮಿಕರು ಕೋಟೆ ಮೈದಾನದ ಕಛೇರಿಗೆ ಬರಲು ಹಿಂದೆಮುಂದೆ ನೋಡುತ್ತಾರೆ. ಹೆಣ್ಣುಮಕ್ಕಳಂತೂ ಮಂಗಳ ಹಾಡುವ ಮೊದಲೇ ಎದ್ದು ಹೊರಡುತ್ತಾರೆ. ಹೊಸ ವರ್ಷದ ಮುನ್ನಾದಿನ ಮೆಟ್ರೊ ತಡರಾತ್ರಿಯವರೆಗೆ ಓಡುತ್ತದೆ. ಓಡಿಸಲು ಬರುತ್ತದೆ ಎಂಬುದು ಅದರಿಂದಲೇ ಸಾಬೀತಾಗಿದೆ. ಕರಗ, ಪರಿಷೆ, ರಾಮೋತ್ಸವ, ಗಣೇಶೋತ್ಸವದ ರಾತ್ರಿಗಳಿಗೂ ಅದೇ ವ್ಯವಸ್ಥೆ ಬರಲಿ. ಜೊತೆಗೆ ಮೆಜೆಸ್ಟಿಕ್, ಮಾರುಕಟ್ಟೆ, ಶಿವಾಜಿನಗರಗಳಿಂದ ಎಲ್ಲ ದಿಕ್ಕಿಗೂ ರಾತ್ರಿ ಬಸ್ಸುಗಳನ್ನು ಸರ್ಕಾರ ಓಡಿಸಲಿ.